ನಾಲ್ಕನೆಯದು, ಕಿಟಕಿ ಮುಚ್ಚಿ

ಪಾಯಿಂಟ್ ಮೇಷ್ಟ್ರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ವಿಶ್ವವಿದ್ಯಾಲಯದ ಆಡಳಿತಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷದಿಂದ ಪಾಠ ಮಾಡುತ್ತಿದ್ದ ಅವರು ಜಗತ್ತಿನ ಯಾವ ಸಂಗತಿಯನ್ನೂ ಪಾಯಿಂಟುಗಳಲ್ಲದೆ ಬೇರೆ ರೀತಿ ಹೇಳಿದವರಲ್ಲ. ಮನೆಯಲ್ಲಿ ಊಟಕ್ಕೆ ಕೂತರೂ, "ಒಂದನೆಯದು, ಉಪ್ಪು ಕಡಿಮೆ. ಎರಡನೆಯದು, ಕುಡಿಯೋಕೆ ನೀರಿಟ್ಟಿಲ್ಲ. ತಿಳೀತಾ?" ಅನ್ನುತ್ತಿದ್ದರು. "ಮೂರನೆಯದು, ಎದ್ದು ತಗೊಳ್ಳಿ" ಎಂದು ಹೆಂಡತಿ ಪಾಠ ಮುಗಿಸುತ್ತಿದ್ದರು.

ಅವರ ಬೋಧನಾ ಕ್ರಮ ಬಹಳ ಸರಳ. ತರಗತಿಗೆ ಬರುವುದು, ಅಂಚು ಉದುರುತ್ತಿದ್ದ ಹಳೆಯ ನೋಟ್‌ಬುಕ್ಕನ್ನು ತೆರೆಯುವುದು, "ಬರ್ಕೊಳ್ಳಿ" ಅನ್ನುವುದು. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಲ್ಲೇ ಹೇಳುತ್ತಿದ್ದರು. ಕೆಮ್ಮು ಬಂದರೆ ಎಡಗೈ ಮೇಲೆತ್ತುತ್ತಿದ್ದರು. ಅದನ್ನು ಬರೆದುಕೊಳ್ಳಬಾರದು ಎಂದು ಅರ್ಥ. ಅವರು ನೋಟ್‌ಬುಕ್ಕಿನಿಂದ ತಲೆ ಎತ್ತುತ್ತಿರಲಿಲ್ಲ, ವಿದ್ಯಾರ್ಥಿಗಳು ತಮ್ಮ ನೋಟ್‌ಬುಕ್ಕಿನಿಂದ ತಲೆ ಎತ್ತುತ್ತಿರಲಿಲ್ಲ. ಹೀಗಾಗಿ ಇಪ್ಪತ್ತೆಂಟು ವರ್ಷದಲ್ಲಿ ಗುರುಶಿಷ್ಯರು ಪರಸ್ಪರ ಮುಖ ನೋಡಿದ್ದು ಕಡಿಮೆ. ಶಿಷ್ಯರು ಅವರ ಬೋಳುತಲೆಯನ್ನು ಬಲ್ಲರು, ಅವರು ಶಿಷ್ಯರ ಬೈತಲೆಗಳನ್ನು ಬಲ್ಲರು. ಆದರೂ ಅವರಿಗೆ ಆ ತರಗತಿ ಎಂದರೆ ಪ್ರಾಣ. "ಬರ್ಕೊಳ್ಳಿ" ಅಂದ ಕೂಡಲೇ ನಲವತ್ತು ಪೆನ್ನುಗಳು ಒಟ್ಟಿಗೆ ಸರಸರ ಎಂದು ಹೊರಡುವ ಸದ್ದು ಕೇಳದೆ ಹೋದರೆ ಅವರಿಗೆ ಆ ದಿನ ಅನ್ನ ಸೇರುತ್ತಿರಲಿಲ್ಲ.

ಅವರ ಪಾಠಗಳಲ್ಲೆಲ್ಲ ಹೆಸರಾದದ್ದು 'ತೀರ್ಮಾನದ ಆರು ಹಂತಗಳು'. ಒಂದನೆಯದು, ಸಮಸ್ಯೆ ಗುರುತಿಸಿ. ಎರಡನೆಯದು, ಮಾಹಿತಿ ಸೇರಿಸಿ. ಮೂರನೆಯದು, ಇರುವ ದಾರಿಗಳನ್ನು ತೂಗಿ ನೋಡಿ. ನಾಲ್ಕನೆಯದು, ಕಿಟಕಿ ಮುಚ್ಚಿ. ಐದನೆಯದು, ತೀರ್ಮಾನ ಮಾಡಿ. ಆರನೆಯದು, ಜಾರಿಗೆ ತನ್ನಿ.

ಈ ನಾಲ್ಕನೆಯ ಹಂತ ಬೇರೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಹನ್ನೆರಡು ವರ್ಷದ ಹಿಂದೆ ಯಾವನೋ ಒಬ್ಬ ಎದ್ದು ನಿಂತು, "ಸರ್, ಕಿಟಕಿ ಅಂದ್ರೆ?" ಎಂದು ಕೇಳಿಬಿಟ್ಟಿದ್ದ. ಮೇಷ್ಟ್ರಿಗೆ ಬೆವರು ಕಿತ್ತುಕೊಂಡಿತು. ನೋಟ್‌ಬುಕ್ಕಿನಲ್ಲಿ ಅದಕ್ಕಿಂತ ಹೆಚ್ಚು ಏನೂ ಇರಲಿಲ್ಲ. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಒರೆಸಿದರು. ಆಮೇಲೆ, "ಕಿಟಕಿ ಅಂದ್ರೆ ಬರೀ ಕಿಟಕಿ ಅಲ್ಲಪ್ಪ. ಹೊರಗಿನ ಗದ್ದಲ, ಹೊರಗಿನ ಒತ್ತಡ. ಅದು ಒಳಗೆ ಬರದ ಹಾಗೆ ನೋಡ್ಕೊಂಡು ಆಮೇಲೆ ತೀರ್ಮಾನ ಮಾಡ್ಬೇಕು. ತಿಳೀತಾ?" ಅಂದರು. ಹೇಳಿ ಮುಗಿಸುವಷ್ಟರಲ್ಲಿ ಅದು ಅವರಿಗೇ ತುಂಬ ಹಿಡಿಸಿಬಿಟ್ಟಿತು. ಅಂದಿನಿಂದ ಆಡಳಿತಶಾಸ್ತ್ರಕ್ಕೆ ಇದು ತಮ್ಮ ಸ್ವಂತ ಕೊಡುಗೆ ಎಂದೇ ಅವರು ನಂಬಿದರು.

ಹೀಗೆ ನೆಮ್ಮದಿಯಾಗಿ ನಡೆಯುತ್ತಿದ್ದ ಕಾಲದಲ್ಲಿ ವಿಶ್ವವಿದ್ಯಾಲಯಕ್ಕೆ ಪತ್ತೆಯಂತ್ರ ಬಂತು. ವಿದ್ಯಾರ್ಥಿಗಳು ಅಸೈನ್‌ಮೆಂಟುಗಳನ್ನೆಲ್ಲ ಎಐ ಕೈಲಿ ಬರೆಸುತ್ತಿದ್ದಾರೆ ಎಂಬ ಗುಮಾನಿ ಹುಟ್ಟಿ, ಬರಹ ಮನುಷ್ಯನದೋ ಯಂತ್ರದ್ದೋ ಎಂದು ಹೇಳಲು ಇನ್ನೊಂದು ಯಂತ್ರ ತರಿಸಿದ್ದರು. ಮೇಷ್ಟ್ರು ಅದನ್ನು ಕಣ್ಣಾರೆ ಕಂಡಿರಲಿಲ್ಲ. ತೂಕದ ಯಂತ್ರದ ಹಾಗೆ ಇರಬೇಕು, ಕಾಗದ ಇಟ್ಟರೆ ಮುಳ್ಳು ತಿರುಗುತ್ತದೆ ಅಂದುಕೊಂಡಿದ್ದರು. ಏನೇ ಇರಲಿ, ನಲವತ್ತು ಅಸೈನ್‌ಮೆಂಟು ಕಳಿಸಿದರು. ಮೂವತ್ತೊಂಬತ್ತು ಯಂತ್ರದ್ದು ಎಂದು ಬಂತು. ಮೂವತ್ತೊಂಬತ್ತಕ್ಕೂ ಸೊನ್ನೆ ಸುತ್ತಿದರು.

ಪಾಸಾದ ಆ ಒಬ್ಬ ವರ್ಷವಿಡೀ ತರಗತಿಗೆ ಕಾಲಿಟ್ಟವನಲ್ಲ. 'ತೀರ್ಮಾನ ಅನ್ನೋದು ಅಮ್ಮ ಮಾಡೋದು, ನಾವು ಒಪ್ಕೊಳ್ಳೋದು' ಎಂದು ಒಂದೇ ಸಾಲು ಬರೆದಿದ್ದ. ಅದಕ್ಕೆ ಯಂತ್ರ ನೂರಕ್ಕೆ ನೂರು ಮನುಷ್ಯ ಎಂದು ಸರ್ಟಿಫಿಕೇಟು ಕೊಟ್ಟಿತ್ತು.

ಸೊನ್ನೆ ಹಂಚಿದ ದಿನ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಯಾಕೆ ಯಾಕೆ ಎಂದು ಕೇಳುವ ಚಟಕ್ಕೆ ಇಡೀ ತರಗತಿ ಅವಳನ್ನು ಯಾಕಮ್ಮ ಎಂದು ಕರೆಯುತ್ತಿತ್ತು.

"ಸರ್, ನಾನು ನಿಮ್ಮ ನೋಟ್ಸ್ ಬಾಯಿಪಾಠ ಮಾಡಿ ನನ್ನ ಕೈಯಾರೆ ಬರೆದಿದ್ದು."

"ಅದನ್ನ ಯಂತ್ರಕ್ಕೆ ಹೇಳಮ್ಮ."

"ಹೇಳಿದ್ರೆ ಕೇಳಲ್ಲ ಸರ್ ಅದು. ಅದರ ಬದಲು ನಿಮ್ಮ ನೋಟ್ಸನ್ನೇ ಒಂದ್ಸಲ ಹಾಕಿ ನೋಡಬಾರದಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. "ಹಾಕಿಸ್ತೀನಿ! ಒಂದನೆಯದು, ಇದು ಇಪ್ಪತ್ತೆಂಟು ವರ್ಷದ ಬೆವರು. ಎರಡನೆಯದು, ಇದರಲ್ಲಿ ಒಂದು ಕೊಂಬು, ಒಂದು ದೀರ್ಘ ಕೂಡ ಬೇರೆಯವರದ್ದಲ್ಲ. ಮೂರನೆಯದು, ಫಲಿತಾಂಶಾನ ನೋಟಿಸ್ ಬೋರ್ಡಿಗೆ ಅಂಟಿಸ್ತೀನಿ. ತಿಳೀತಾ?" ಅಂದರು. ಮೂವತ್ತೊಂಬತ್ತು ಜನ ಅದನ್ನೂ ಬರೆದುಕೊಂಡರು.

ಮಾತು ಕೊಟ್ಟಾಗಿತ್ತು. ಮೇಷ್ಟ್ರು ನೋಟ್‌ಬುಕ್ಕನ್ನು ಭಾಮೈದನ ಜೆರಾಕ್ಸ್ ಅಂಗಡಿಗೆ ಒಯ್ದು ಅಂದವಾಗಿ ಟೈಪ್ ಮಾಡಿಸಿದರು. ಹೊಸ ಪ್ರತಿ ಬಂದದ್ದೇ ತಡ, ಅವರ ಹೆಂಡತಿ ಮನೆಯೆಲ್ಲ ಪುಡಿ ಉದುರಿಸುತ್ತಿದ್ದ ಹಳೆಯದನ್ನು ರದ್ದಿ ಪೇಪರಿನವನ ತಕ್ಕಡಿಗೆ ಹಾಕಿ ಕೈ ತೊಳೆದುಕೊಂಡರು. ಮೇಷ್ಟ್ರು ಟೈಪಾದ ಪ್ರತಿಯನ್ನು ರಿಜಿಸ್ಟ್ರಾರ್ ಕಚೇರಿಗೆ ಕಳಿಸಿ, ಜೊತೆಗೊಂದು ಪತ್ರ ಬರೆದರು: 'ತಪಾಸಣೆ ಮೇಷ್ಟ್ರುಗಳಿಂದಲೇ ಶುರುವಾಗಲಿ. ನನ್ನಿಂದಲೇ ಆಗಲಿ.'

ಮೂರನೇ ದಿನ ನೋಟಿಸ್ ಬೋರ್ಡಿನ ಮುಂದೆ ಜಾತ್ರೆ ನೆರೆದಿತ್ತು. ಮೇಷ್ಟ್ರು ಎದೆಯುಬ್ಬಿಸಿ, ದಾರಿ ಬಿಡಿ ದಾರಿ ಬಿಡಿ ಎಂದು ಮುಂದೆ ನುಗ್ಗಿ ಓದಿದರು. 'ಯಂತ್ರ: ತೊಂಬತ್ತೆಂಟು ಪರ್ಸೆಂಟ್. ಮನುಷ್ಯ: ಎರಡು ಪರ್ಸೆಂಟ್.' ಆ ಎರಡು ಪರ್ಸೆಂಟ್ ಭಾಮೈದ ಟೈಪ್ ಮಾಡುವಾಗ ಮಾಡಿದ್ದ ಕಾಗುಣಿತದ ತಪ್ಪುಗಳು ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು.

ಅದರ ಪಕ್ಕದಲ್ಲೇ ಇನ್ನೊಂದು ಕಾಗದ. ಮುಂದಿನ ಸೋಮವಾರ ರಿಜಿಸ್ಟ್ರಾರ್ ಸಾಹೇಬರ ಕೋಣೆಯಲ್ಲಿ ವಿಚಾರಣೆ. ನೋಟ್ಸ್ ಯಂತ್ರದ್ದೇ ಎಂದು ರುಜುವಾತಾದರೆ, ಯಂತ್ರದ ಪಾಠವನ್ನು ಮನುಷ್ಯನ ಬಾಯಿಂದ ಕೇಳಿಸುವ ಅಗತ್ಯ ಇಲ್ಲವಾದ್ದರಿಂದ, ತರಗತಿಯಲ್ಲಿ ಪರದೆ ಇಳಿಬಿಟ್ಟು ನೇರವಾಗಿ ಯಂತ್ರದಿಂದಲೇ ಪಾಠ ಮಾಡಿಸಲಾಗುವುದು. ಸದರಿ ಮೇಷ್ಟ್ರನ್ನು ಹಳೆಯ ಉತ್ತರಪತ್ರಿಕೆಗಳ ಕೋಣೆಯ ಉಸ್ತುವಾರಿಗೆ ಹಾಕಲಾಗುವುದು.

ಉತ್ತರಪತ್ರಿಕೆಗಳ ಕೋಣೆಯಲ್ಲಿ "ಬರ್ಕೊಳ್ಳಿ" ಎಂದರೆ ಬರೆದುಕೊಳ್ಳುವವರು ಯಾರು? ಜಿರಲೆಗಳೇ? ಮೇಷ್ಟ್ರು ಸೈಕಲ್ ತಳ್ಳಿಕೊಂಡೇ ಮನೆ ಸೇರಿದರು. ಹತ್ತಿ ತುಳಿಯಬಹುದು ಎಂಬುದೇ ಅವರಿಗೆ ಹೊಳೆಯಲಿಲ್ಲ.

ಸುದ್ದಿ ಅವರಿಗಿಂತ ಮೊದಲೇ ಬೀದಿ ಮುಟ್ಟಿತ್ತು. ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ಗೋಡೆಯ ಮೇಲಿಂದ ಕತ್ತು ಚಾಚಿದರು.

"ಮೇಷ್ಟ್ರೇ, ಯಾವಾಗ ಹಾಕಿಸ್ಕೊಂಡ್ರಿ?"

"ಏನನ್ನ?"

"ಅದೇ, ಯಂತ್ರ. ತೊಂಬತ್ತೆಂಟು ಪರ್ಸೆಂಟ್ ಅಂತಲ್ಲ! ಮೇಲಿಂದ ಏನೂ ಗೊತ್ತಾಗಲ್ಲ ನೋಡಿ. ಒಳ್ಳೇ ಡಾಕ್ಟ್ರು. ಮಂಡಿ ಮಾತ್ರಾನಾ, ಎದೇನೂ ಸೇರಿಸಿನಾ?"

"ಅಯ್ಯೋ, ಯಂತ್ರ ಇರೋದು ನನ್ನ ಒಳಗಲ್ಲ ಸ್ವಾಮಿ, ನನ್ನ ನೋಟ್ಸ್ ಒಳಗೆ!"

"ಮುಚ್ಚುಮರೆ ಯಾಕೆ, ನಾವೇನು ಹೊರಗಿನವರಾ? ಉಳಿದ ಎರಡು ಪರ್ಸೆಂಟ್ ಎಲ್ಲಿ ಬಿಟ್ಟಿದ್ದಾರೆ?"

"ನಾಲಿಗೇಲಿ" ಎಂದು ಮೇಷ್ಟ್ರ ಹೆಂಡತಿ ಒಳಗಿನಿಂದಲೇ ಹೇಳಿದರು.

ಸಂಜೆಯ ಹೊತ್ತಿಗೆ ಅತ್ತೆಯ ಫೋನು ಬಂತು. ಅವರ ಕಿವಿ ಮಂದ, ದನಿ ದೊಡ್ಡದು. ಫೋನು ಹೆಂಡತಿಯ ಕೈಯಲ್ಲಿದ್ದರೂ ಮಾತು ಇಡೀ ಮನೆಗೆ ಕೇಳಿಸಿತು. "ಅಳಿಯಂದ್ರಿಗೆ ಹೇಳೇ, ಮಳೇಲಿ ನೆನೀಬೇಡಿ ಅಂತ. ತುಕ್ಕು ಹಿಡಿದ್ರೆ ಕಷ್ಟ. ದಿನಾ ಒಂದು ತೊಟ್ಟು ಎಣ್ಣೆ ಬಿಡು."

ಮೇಷ್ಟ್ರು ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಕೂತರು. ಹಳೆಯ ನೋಟ್‌ಬುಕ್ಕು ತೋರಿಸಿದರೆ ಒಂದೇ ನಿಮಿಷದ ಕೆಲಸ ಎಂದು ಥಟ್ಟನೆ ಹೊಳೆಯಿತು. "ಲೇ, ಆ ಹಳೇ ಬುಕ್ಕೆಲ್ಲಿ?" ಎಂದು ಎದ್ದರು. ಹೆಂಡತಿ ಆಗಷ್ಟೇ ಗುಡಿಸಿದ್ದ ನೆಲವನ್ನು ಇನ್ನೊಂದು ಸಲ ಗುಡಿಸತೊಡಗಿದರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಮೇಷ್ಟ್ರು ಈ ಭಾಷೆಯನ್ನು ಚೆನ್ನಾಗಿ ಕಲಿತಿದ್ದರು. ಮತ್ತೆ ಕೂತರು.

ಶನಿವಾರ ಭಾಮೈದನೇ ಅಂಗಡಿಗೆ ಕರೆದ. "ಭಾವ, ನಿಮಗೊಂದು ತೋರಿಸ್ತೀನಿ, ಬೈಯಬಾರದು" ಎಂದು ಮೊಬೈಲು ತೆಗೆದು, ಎಐ ಮುಂದೆ, "ತೀರ್ಮಾನದ ಹಂತಗಳು ಯಾವುವು?" ಎಂದು ಕೇಳಿದ. ಅದು ಗಂಟಲು ಕೂಡ ಸರಿಮಾಡಿಕೊಳ್ಳದೆ ಶುರುಮಾಡಿತು. ಒಂದನೆಯದು, ಎರಡನೆಯದು, ಮೂರನೆಯದು. ನಾಲ್ಕನೆಯದು, ಕಿಟಕಿ ಮುಚ್ಚಿ. "ಕಿಟಕಿ ಅಂದರೆ ಬರೀ ಕಿಟಕಿ ಅಲ್ಲ. ಹೊರಗಿನ ಗದ್ದಲ, ಹೊರಗಿನ ಒತ್ತಡ. ಬೇಕಿದ್ದರೆ ಕಿಟಕಿ ಮುಚ್ಚುವುದರ ಐದು ಪ್ರಯೋಜನಗಳನ್ನೂ ವಿವರಿಸುತ್ತೇನೆ. ತಿಳೀತಾ?"

ಆ 'ತಿಳೀತಾ' ಕೇಳಿ ಮೇಷ್ಟ್ರಿಗೆ ಮೈ ಜುಮ್ಮೆಂದಿತು. "ಇದು ನಾನೇ ಕಣೋ!"

"ನೀವೇ ಭಾವ. ಹತ್ತು ವರ್ಷದಿಂದ ನಿಮ್ಮ ಹುಡುಗರು ಜೆರಾಕ್ಸ್‌ಗೆ ಕೊಡೋ ನೋಟ್ಸನ್ನೆಲ್ಲ, ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಂತ ನಾನೇ ಇಂಟರ್ನೆಟ್ಟಿಗೆ ಹಾಕ್ತಾ ಬಂದಿದ್ದೀನಿ. ಇದು ಅದನ್ನೆಲ್ಲ ಓದ್ಕೊಂಡಿದೆ. ಸಾವಿರಾರು ಪ್ರತಿ ಇದ್ವಲ್ಲ, ಇದೇ ಸತ್ಯ ಅಂದ್ಕೊಂಡಿರಬೇಕು."

ಅಂದರೆ ಯಂತ್ರವೇ ಮೇಷ್ಟ್ರ ಶಿಷ್ಯ. ಹತ್ತು ವರ್ಷದಲ್ಲಿ ಒಂದು ಪಾಠವನ್ನೂ ತಪ್ಪಿಸದ, ಒಂದು ಪ್ರಶ್ನೆಯನ್ನೂ ಕೇಳದ, ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸುವ ಶಿಷ್ಯ. ಮೇಷ್ಟ್ರಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಆಮೇಲೆ ಈ ಶಿಷ್ಯ ಗುರುವಿನ ಕುರ್ಚಿಯಲ್ಲೇ ಕೂರಲು ಬರುತ್ತಿದ್ದಾನೆ ಎಂಬುದು ನೆನಪಾಗಿ ಮೊಬೈಲನ್ನು ಕಿತ್ತು ಮೇಜಿನ ಮೇಲೆ ಬೋರಲು ಹಾಕಿದರು.

ಅಷ್ಟರಲ್ಲಿ ಗಾಳಿ ಬೀಸಿ ಅಂಗಡಿಯ ಹಾಳೆಗಳೆಲ್ಲ ಎದ್ದವು. ಭಾಮೈದ ಬಾಗಿಲ ಬಳಿ ನಿಂತಿದ್ದ ಗಿರಾಕಿಗೆ, "ಸ್ವಾಮಿ, ಸ್ವಲ್ಪ ಆ ಬಾಗಿಲು ಮುಚ್ಚಿ!" ಎಂದು ಕೂಗಿದ.

ಮೇಷ್ಟ್ರು ಕೂತಲ್ಲೇ ಕಲ್ಲಾದರು. ಇಪ್ಪತ್ತೆಂಟು ವರ್ಷದ ಹಿಂದಿನ ಮೊದಲನೇ ತರಗತಿ ಕಣ್ಣ ಮುಂದೆ ಬಂತು. ಆ ಗಾಳಿ, ಆ ಹಾಳೆಗಳು, ಮತ್ತೆ ತಮ್ಮ ಬಾಯಿಂದ ಬಂದ ಆ ಎರಡು ಮಾತು. ಅವರ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು.

"ಯಾಕೆ ಭಾವ? ನೀರು ಕೊಡ್ಲಾ?"

"ಬೇಡ" ಎಂದು ಎದ್ದು ಹೊರಟುಬಿಟ್ಟರು. ಪಾಯಿಂಟ್ ಇಲ್ಲದೆ ಅವರು ಮಾತಾಡಿದ್ದನ್ನು ಭಾಮೈದ ಅಂದೇ ಮೊದಲು ಕೇಳಿದ್ದು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದರು. "ಆ ನೋಟ್ಸ್ ನನ್ನದೇ ಅಂತ ತೋರಿಸೋಕೆ ಇರೋದು ಒಂದೇ ದಾರಿ ಕಣೇ. ನಾಲ್ಕನೆಯದು ಹೇಗೆ ಹುಟ್ಟಿತು ಅನ್ನೋದನ್ನ ಹೇಳ್ಬೇಕು. ಹೇಳಿದ್ರೆ ಇಪ್ಪತ್ತೆಂಟು ವರ್ಷ ನಾನು ಹೇಳ್ಕೊಟ್ಟಿದ್ದು ಬುರುಡೆ ಅಂತ ಊರಿಗೆಲ್ಲ ಗೊತ್ತಾಗತ್ತೆ. ಮಾನ ಹೋಗತ್ತೆ."

"ಹೇಳ್ದೆ ಇದ್ರೆ?"

"ಕ್ಲಾಸು ಹೋಗತ್ತೆ."

"ನೋಡಿ, ಕ್ಲಾಸಿಲ್ದೆ ನೀವು ದಿನವಿಡೀ ಮನೇಲಿ ನನಗೆ ಪಾಯಿಂಟ್ ಬರೆಸ್ತಾ ಕೂತ್ರೆ ನಾನು ತವರಿಗೆ ಹೋಗ್ತೀನಿ. ಮಾನ ಹೋದ್ರೆ ಹೋಗ್ಲಿ ಬಿಡಿ. ಅದೇನು ನಮ್ಮನೇಲಿ ಅಷ್ಟೊಂದು ಇತ್ತಾ?" ಅಂದರು ಹೆಂಡತಿ. ಮಾತು ಗಡಸು, ಆದರೆ ಅವರ ಕಣ್ಣಲ್ಲಿ ನೀರಿತ್ತು.

ಸೋಮವಾರ ಬಂತು. ರಿಜಿಸ್ಟ್ರಾರ್ ಸಾಹೇಬರನ್ನು ಬೆನ್ನ ಹಿಂದೆ ಎಲ್ಲರೂ ಕಿಟಕಿ ಸಾಹೇಬರು ಎನ್ನುತ್ತಿದ್ದರು. ಕಾರಣ ಇಷ್ಟೆ. ಯಾವುದೇ ವಿಷಯ ಚರ್ಚೆಯಾಗಿ ಇನ್ನೇನು ತೀರ್ಮಾನ ಎನ್ನುವಾಗ ಅವರು ಎದ್ದು ತಮ್ಮ ಕೋಣೆಯ ಮೂರು ಕಿಟಕಿಗಳನ್ನೂ ತಾವೇ ಮುಚ್ಚುತ್ತಿದ್ದರು. ಮೂರನೆಯ ಕಿಟಕಿಯ ಚಿಲಕ ಬಿದ್ದರೆ ಮುಗಿಯಿತು, ಆಮೇಲೆ ದೇವರೇ ಬಂದು ಹೇಳಿದರೂ ತೀರ್ಮಾನ ಬದಲಾಗುತ್ತಿರಲಿಲ್ಲ. ಗುಮಾಸ್ತರು ಆ ಸದ್ದಿಗೆ ನಡುಗುತ್ತಿದ್ದರು. ಸಾಹೇಬರು ಆಡಳಿತಶಾಸ್ತ್ರ ವಿಭಾಗದಲ್ಲೇ ಓದಿದವರು ಎಂದು ಮೇಷ್ಟ್ರಿಗೆ ಕೇಳಿ ಗೊತ್ತಿತ್ತು, ಮುಖ ನೋಡಿ ಗೊತ್ತಿರಲಿಲ್ಲ. ಕಿಟಕಿಯ ವಿಷಯಕ್ಕೆ, ಪಾಪ, ಶೀತದ ಮೈಯಿರಬೇಕು ಅಂದುಕೊಂಡಿದ್ದರು.

ಮೇಜಿನ ಆಚೆ ಸಾಹೇಬರು. ಅವರ ಎಡಕ್ಕೆ ಭಾಷಾ ವಿಭಾಗದ ಮೇಡಂ. ಬಲಕ್ಕೆ, ಪತ್ತೆಯಂತ್ರವನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದ ಕಂಪ್ಯೂಟರ್ ವಿಭಾಗದ ಮೇಷ್ಟ್ರು. ಮೇಜಿನ ಮೇಲೆ ನಲವತ್ತು ಪುಟದ ವರದಿ. ಬಾಗಿಲಾಚೆಯ ಬೆಂಚಿನಲ್ಲಿ ಯಾಕಮ್ಮ, ಭಾಮೈದ, ಮತ್ತೆ 'ಏನಾದ್ರೂ ಕಳಚಿಕೊಂಡ್ರೆ ಇರಲಿ' ಎಂದು ಬಂದಿದ್ದ ಕಾಂಪೌಂಡರ್.

"ನಿಮ್ಮ ಆರು ಹಂತಗಳು ಯಂತ್ರ ಹೇಳೋದಕ್ಕೆ ಅಕ್ಷರಕ್ಕೆ ಅಕ್ಷರ ತಾಳೆಯಾಗ್ತವೆ. ಏನಂತೀರಿ?" ಎಂದು ಕಂಪ್ಯೂಟರ್ ಮೇಷ್ಟ್ರು ಕೇಳಿದರು.

"ಯಂತ್ರಾನೇ ನನ್ನಿಂದ ಕಲಿತಿದ್ದು."

"ಎಲ್ಲರೂ ಹಾಗೇ ಹೇಳ್ತಾರೆ. ಮೊನ್ನೆ ನಿಮ್ಮ ಮೂವತ್ತೊಂಬತ್ತು ಹುಡುಗರೂ ನಾವೇ ಬರೆದಿದ್ದು ಅಂದ್ರು. ನೀವು ನಂಬಿದ್ರಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

ಮೇಡಂ ವರದಿಯ ಮೇಲೆ ಬೆರಳಿಟ್ಟರು. "ನನಗೆ ಬೇರೆಯದೇ ಅನುಮಾನ. ನಾಲ್ಕನೆಯದರಲ್ಲಿ 'ಮುಚ್ಚಿ' ಅಂತಿದೆ. ಇದು ಮುಚ್ಚಿರಿ ಅನ್ನೋ ಅರ್ಥದ ಆಜ್ಞೆಯೋ, ಇಲ್ಲಾ ಮುಚ್ಚಿಕೊಂಡು ಆಮೇಲೆ ತೀರ್ಮಾನ ಮಾಡಿ ಅಂತ ಮುಂದಿನ ಕ್ರಿಯೆಗೆ ಸೇರಬೇಕಾದ್ದೋ? ಎರಡನೆಯದಾದ್ರೆ ಅದು ಬೇರೆ ಹಂತಾನೇ ಅಲ್ಲ. ನಿಮ್ಮ ಹಂತಗಳು ಆರಲ್ಲ, ಐದು."

"ಮೇಡಂ, ವ್ಯಾಕರಣ ಆಮೇಲೆ" ಎಂದು ಕಂಪ್ಯೂಟರ್ ಮೇಷ್ಟ್ರು.

"ವ್ಯಾಕರಣ ಆಮೇಲೆ, ಆಮೇಲೆ ಅಂತಾನೇ ನೀವೆಲ್ಲ ಹೀಗಾಗಿದ್ದು" ಎಂದು ಮೇಡಂ.

ಸಾಹೇಬರು ಇಬ್ಬರಿಗೂ ಕೈ ಅಡ್ಡ ಹಿಡಿದರು. "ಸಮಸ್ಯೆ ಗುರುತಿಸಿದ್ದಾಯ್ತು. ಮಾಹಿತಿ ಸೇರಿಸಿದ್ದಾಯ್ತು. ದಾರಿಗಳನ್ನೂ ತೂಗಿ ನೋಡಿದ್ದಾಯ್ತು" ಎಂದು ಎದ್ದರು. ಮೊದಲನೇ ಕಿಟಕಿ ಮುಚ್ಚಿದರು. ಬಾಗಿಲಾಚೆ ಯಾರೋ ಉಸಿರೆಳೆದುಕೊಂಡರು. ಎರಡನೆಯದನ್ನು ಮುಚ್ಚಿದರು. ಮೂರನೆಯದರ ಚಿಲಕಕ್ಕೆ ಕೈ ಹಾಕಿದರು.

ಆಗ ಮೇಷ್ಟ್ರಿಗೆ ಇವರಿಗೆ ಶೀತವೂ ಇಲ್ಲ ಮಣ್ಣೂ ಇಲ್ಲ ಎಂಬುದು ಹೊಳೆಯಿತು. ಅವರ ಮುಂದೆ ನಡೆಯುತ್ತಿದ್ದದ್ದು ಅವರದೇ ಪಾಠ.

"ಸಾಹೇಬ್ರೇ!" ಎಂದು ಚೀರಿದರು. "ಆ ಕಿಟಕಿ ಮುಚ್ಚಬೇಡಿ!"

ಸಾಹೇಬರ ಕೈ ಚಿಲಕದ ಮೇಲೇ ನಿಂತಿತು. ಅವರಿಗೆ ಈ ಮಾತನ್ನು ಹೇಳುವ ಧೈರ್ಯ ಇದುವರೆಗೆ ಯಾರೂ ಮಾಡಿರಲಿಲ್ಲ.

"ನಾಲ್ಕನೆಯದು ಹಂತವೇ ಅಲ್ಲ ಸಾಹೇಬ್ರೇ" ಎಂದು ಮೇಷ್ಟ್ರು ಶುರುಮಾಡಿದರು. ಒಂದನೆಯದು ಎರಡನೆಯದು ಯಾವುದೂ ಬಾಯಿಗೆ ಬರಲಿಲ್ಲ. ಒಂದೇ ಉಸಿರಿಗೆ ಹೇಳಿದರು. "ಅವತ್ತು ನನ್ನ ಮೊದಲನೇ ಕ್ಲಾಸು. ಅರವತ್ತು ಜನ. ಬಿಡಿ ಹಾಳೇಲಿ ಬರ್ಕೊಂಡು ಹೋಗಿದ್ದೆ. ಮೂರು ಹಂತ ಬರೆಸಿದ್ದೆ, ಜೋರಾಗಿ ಗಾಳಿ ಬಂತು. ತಲೆ ಎತ್ತೋಕೆ ಹೆದರಿಕೆ. ಹಾಳೆ ಒತ್ತಿ ಹಿಡ್ಕೊಂಡೇ, ಕಿಟಕಿ ಪಕ್ಕ ಕೂತಿದ್ದ ಹುಡುಗನಿಗೆ 'ಕಿಟಕಿ ಮುಚ್ಚಿ' ಅಂದೆ. ಅವನು ಮುಚ್ಚಲಿಲ್ಲ. ಹಾಳೆಗಳೆಲ್ಲ ಹಾರಿ ಹೋಗಿ ಹೊರಗೆ ಕ್ಯಾಂಟೀನಿನ ಪಾತ್ರೆ ತೊಳೆಯೋ ತೊಟ್ಟಿಗೆ ಬಿದ್ವು. ಉಳಿದದ್ದನ್ನ ನೆನಪಿನ ಮೇಲೆ ಹೇಳಿ ಮುಗಿಸ್ದೆ. ಮಾರನೇ ದಿನ, ಅಕ್ಷರ ಚೆನ್ನಾಗಿರೋರ ನೋಟ್ಸ್ ಕೊಡಿ ಅಂದೆ, ಯಾರೋ ಕೊಟ್ರು. ಅದನ್ನ ನೋಡ್ಕೊಂಡು ಹೊಸ ಬುಕ್ಕಿಗೆ ಇಳಿಸ್ಕೊಂಡೆ. ನಾಲ್ಕನೆಯದು ಕಿಟಕಿ ಮುಚ್ಚಿ ಅಂತಿತ್ತು. ಇಳಿಸ್ಕೊಂಡೆ. ಆಮೇಲೆ ಇಪ್ಪತ್ತೆಂಟು ವರ್ಷ ಬರೆಸ್ದೆ. ಒಬ್ಬ ಅರ್ಥ ಕೇಳ್ದ, ಬುರುಡೆ ಬಿಟ್ಟೆ. ಇಷ್ಟೇ. ಇಂಥ ಪೆದ್ದು ಕೆಲಸ ಯಂತ್ರಕ್ಕೆ ತಾನಾಗಿ ಹೊಳೆಯತ್ತಾ ಹೇಳಿ? ಮನುಷ್ಯನೇ ಮಾಡಿರಬೇಕು, ಅದೂ ನಾನೇ ಮಾಡಿರಬೇಕು. ಆ ಮೂವತ್ತೊಂಬತ್ತು ಮಕ್ಕಳೂ ನಾನು ಹೇಳಿದ್ದನ್ನೇ ನಂಬಿ ಬರೆದ್ರು. ಅವರಿಗೆ ಸೊನ್ನೆ ಕೊಟ್ಟೆನಲ್ಲ, ಅದು ನಂದೇ ತಪ್ಪು."

ಮೇಡಂ ಮೆಲ್ಲಗೆ, "ಮೊದಲನೇ ಕ್ಲಾಸಿನ ಹೆದರಿಕೆಗೆ ಬಹುವಚನ ಹಾಕಿದ್ದೀರಿ. 'ಮುಚ್ಚೋ' ಅಂತ ಏಕವಚನದಲ್ಲಿ ಗದರಿಸಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ. ನಾನು ಹೇಳಿದ್ದು ಸರಿಯಾಯ್ತಲ್ಲ, ಹಂತ ಐದೇ" ಅಂದರು.

ಸಾಹೇಬರು ಇನ್ನೂ ಕಿಟಕಿಯ ಹತ್ತಿರವೇ ನಿಂತಿದ್ದರು. ಅವರ ಮುಖದ ಬಣ್ಣ ಇಳಿದಿತ್ತು. ಮೆಲ್ಲಗೆ ಬಂದು ಬೀರು ತೆಗೆದು, ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು. ಮುತ್ತು ಪೋಣಿಸಿದಂಥ ಅಕ್ಷರ. ಮೇಲೆ ಇಪ್ಪತ್ತೆಂಟು ವರ್ಷದ ಹಿಂದಿನ ತಾರೀಖು.

"ಸರ್" ಅಂದರು ಸಾಹೇಬರು. ಮೇಷ್ಟ್ರನ್ನು ಅವರು ಹಾಗೆ ಕರೆದದ್ದು ಕೇಳಿ ಕಂಪ್ಯೂಟರ್ ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. "ಕಿಟಕಿ ಪಕ್ಕ ಕೂತಿದ್ದು ನಾನೇ ಸರ್. ಮಾರನೇ ದಿನ ನೋಟ್ಸ್ ಕೊಟ್ಟಿದ್ದೂ ನಾನೇ. ನಾಲ್ಕನೆಯದು ಎಲ್ಲ ಪುಸ್ತಕದಲ್ಲೂ ಇರತ್ತೆ ಅಂತಲೇ ಇಷ್ಟು ದಿನ ನಂಬಿದ್ದೆ, ಅದಕ್ಕೇ ಈ ಬುಕ್ಕೇ ಸಾಕ್ಷಿ ಅಂತ ಹೊಳೀಲಿಲ್ಲ."

ಮೇಷ್ಟ್ರು ಮೊದಲ ಸಲ ಆ ಮುಖವನ್ನು ನೆಟ್ಟಗೆ ನೋಡಿದರು. "ಅಲ್ಲಪ್ಪ, ನಾನು ಕಿಟಕಿ ಮುಚ್ಚಿ ಅಂದಾಗ ನೀನ್ಯಾಕೆ ಮುಚ್ಚಲಿಲ್ಲ?"

"ಬರ್ಕೊಂಡೆ ಸರ್."

ಬಾಗಿಲಾಚೆ ಭಾಮೈದ ಕರ್ಚೀಫನ್ನು ಬಾಯಿಗೆ ತುರುಕಿಕೊಂಡ.

"ನಾನು ಇಷ್ಟು ವರ್ಷ..." ಎಂದು ಸಾಹೇಬರು ಮೂರು ಕಿಟಕಿಗಳನ್ನೂ ಒಂದೊಂದಾಗಿ ನೋಡಿದರು. "ಮನೇಲಿ ಕೂಡ ಸರ್. ಹೆಣ್ಣು ನೋಡೋಕೆ ಹೋದಾಗ ಕೂಡ ಅವರ ಮನೆ ಕಿಟಕಿ ಮುಚ್ಚಿ ಆಮೇಲೇ ಒಪ್ಪಿಗೆ ಹೇಳಿದ್ದೆ. ನನ್ನ ಹೆಂಡತಿ ಇವತ್ತಿಗೂ ಯಾಕೆ ಅಂತ ಕೇಳ್ತಾಳೆ."

"ಹೆಂಡತಿ ಒಳ್ಳೆಯವರೇನಪ್ಪ?"

"ತುಂಬ ಒಳ್ಳೆಯವಳು ಸರ್."

"ಹಾಗಾದ್ರೆ ಹೇಳ್ಬೇಡ ಬಿಡು."

ಸಾಹೇಬರು ನಕ್ಕರು. ಅವರಿಗೆ ನಗು ಬರುತ್ತದೆ ಎಂಬುದು ಕಚೇರಿಗೆ ಹೊಸ ಸುದ್ದಿ. ಮುಚ್ಚಿದ್ದ ಎರಡು ಕಿಟಕಿಗಳನ್ನೂ ಹೋಗಿ ತೆರೆದರು. ಗಾಳಿ ಒಳಗೆ ನುಗ್ಗಿತು. ನಲವತ್ತು ಪುಟದ ವರದಿ ಮೇಜಿನಿಂದೆದ್ದು ಕೋಣೆಯೆಲ್ಲ ಸುತ್ತಿ ಹೊರಗೆ ಹೋಯಿತು. ಕಂಪ್ಯೂಟರ್ ಮೇಷ್ಟ್ರು ಅದರ ಹಿಂದೆ ಓಡಿದರು. "ಮೇಷ್ಟ್ರ ಕ್ಲಾಸು ಮೇಷ್ಟ್ರಿಗೇ ಇರ್ಲಿ. ಆ ಮೂವತ್ತೊಂಬತ್ತು ಸೊನ್ನೆ ಅಳಿಸಿ ಮತ್ತೆ ಮಾರ್ಕ್ಸ್ ಹಾಕ್ಲಿ" ಎಂದು ಸಾಹೇಬರು ಹೇಳಿದರು. ಕಿಟಕಿ ತೆರೆದಿಟ್ಟು ಅವರು ಮಾಡಿದ ಮೊದಲನೇ ತೀರ್ಮಾನ ಅದು. ಹೊರಗೆ ಬಂದ ಮೇಷ್ಟ್ರನ್ನು ಕಾಂಪೌಂಡರ್ ಭುಜ, ಮೊಣಕೈ ಮುಟ್ಟಿ ನೋಡಿ, "ಎಲ್ಲ ಗಟ್ಟಿಯಾಗಿದೆ" ಎಂದು ಸಮಾಧಾನಪಟ್ಟರು.

ಮರುದಿನ ಮೇಷ್ಟ್ರು ತರಗತಿಗೆ ಬರಿಗೈಯಲ್ಲಿ ಹೋದರು. ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆ ಬೆಂಚುಗಳು, ಆ ಕರಿಹಲಗೆ, ಎಲ್ಲ ಇದ್ದಲ್ಲೇ ಇದ್ದವು. ಕೆಮ್ಮಿದರು, ಅಭ್ಯಾಸಬಲದಿಂದ ಎಡಗೈ ಎತ್ತಿದರು. ನಲವತ್ತು ಜನರೂ, ಆ ಅಮ್ಮನ ತೀರ್ಮಾನದ ಹುಡುಗನೂ ಸೇರಿ, ನೋಟ್‌ಬುಕ್ಕು ತೆರೆದು ಕೂತಿದ್ದರು. ಗಾಳಿ ಬೀಸುತ್ತಿತ್ತು. ಮೇಷ್ಟ್ರು ಯಾರಿಗೂ ಏನೂ ಹೇಳುವ ಗೋಜಿಗೆ ಹೋಗದೆ ತಾವೇ ನಡೆದು ಹೋಗಿ ಕಿಟಕಿ ಮುಚ್ಚಿ ಬಂದರು.

"ಸರ್" ಎಂದು ಯಾಕಮ್ಮ ಎದ್ದಳು. "ಕಿಟಕಿ ಮುಚ್ಚಿದ್ರಿ. ಈಗ ತೀರ್ಮಾನ ಏನು?"

ಮೇಷ್ಟ್ರು ಯೋಚಿಸಿದರು. ತಲೆ ಎತ್ತಿದರು. ತಮ್ಮ ವಿದ್ಯಾರ್ಥಿಗಳಿಗೆ ಕಣ್ಣು, ಮೂಗು, ಬಾಯಿ ಎಲ್ಲ ಇರುವುದನ್ನು ಕಂಡು ಅವರಿಗೆ ಬಹಳ ಸಂತೋಷವಾಯಿತು. ಇನ್ನು ಮೇಲೆ ಬರೆಸುವುದಿಲ್ಲ, ಮಾತಾಡೋಣ, ಕೇಳೋಣ, ಜಗಳವಾಡೋಣ, ಯಂತ್ರ ಬೇಕಾದರೆ ಹೊರಗೆ ನಿಂತು ಕೇಳಿಕೊಳ್ಳಲಿ ಎಂದೆಲ್ಲ ಹೇಳಬೇಕೆನ್ನಿಸಿತು. ಎಲ್ಲಿಂದ ಶುರುಮಾಡುವುದು ಎಂದು ತಿಳಿಯದೆ, ಇಪ್ಪತ್ತೆಂಟು ವರ್ಷದ ಪ್ರೀತಿಯನ್ನೆಲ್ಲ ದನಿಗೆ ತಂದುಕೊಂಡು ಹೇಳಿದರು:

"ಮಕ್ಕಳೇ, ಪೆನ್ನು ಕೆಳಗಿಡಿ."

ಮುಖಗಳೆಲ್ಲ ಥಟ್ಟನೆ ಮರೆಯಾದವು. ನಲವತ್ತು ಬೈತಲೆಗಳು ಒಟ್ಟಿಗೆ ಬಾಗಿದವು. ಸರಸರ ಸದ್ದು ಎದ್ದಿತು. ಎಲ್ಲರೂ ಶ್ರದ್ಧೆಯಿಂದ ಬರೆದುಕೊಂಡರು: 'ಒಂದನೆಯದು, ಪೆನ್ನು ಕೆಳಗಿಡಿ.'